ಒಂಬತ್ತು ದಿನದ ಕೆಂಪು ಕಾರು

ದಾವಣಗೆರೆಯಲ್ಲಿ ಕಾರು ಹುಟ್ಟಿದ ಮನೆಗಳಿಗೆಲ್ಲ ಎಣ್ಣೆ-ನೀರು ಹಾಕಲು ಹೋಗುವವಳು ಕೊಟ್ರಮ್ಮ. ಪಂಚಾಕ್ಷರಿಯ ಮನೆಯ ಕೂಸು ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವ ಜಾತಿಯದು. ಹುಟ್ಟಿ ಒಂಬತ್ತು ದಿನವಾಗಿತ್ತು. ಆಕೆ ಬಾನೆಟ್ಟಿಗೆ ಹರಳೆಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಲೋಬಾನದ ಹೊಗೆ ಹಿಡಿದರೂ ಅದರ ನರಳಾಟ ನಿಲ್ಲಲಿಲ್ಲ.

"ಹಸಿವಾಗೈತಿ. ಏನು ಕುಡಿಸ್ತೀರಿ?"

"ಬಂಕಿನಾಗಿರೋ ದುಬಾರಿ ಪೆಟ್ರೋಲು. ಬಾಯಿಗಿಟ್ರೆ ಉಗುಳ್ತದೆ."

"ಇಷ್ಟು ಎಳೇದಕ್ಕೆ ಬಂಕಿಂದು ಹಿಡಿಸ್ತದಾ? ತಾಯಿ ಎಲ್ಲಿ?"

ಪಂಚಾಕ್ಷರಿ ತಲೆ ತಗ್ಗಿಸಿದ. "ಹೆರಿಗೆ ಆದ ದಿನಾನೇ ಎಕ್ಸ್‌ಚೇಂಜಿಗೆ ಕೊಟ್ಬಿಟ್ಟೆ."

ಸಂಜೆಯವರೆಗೆ ಕೂಸು ತಡೆಯುವುದಿಲ್ಲವೆಂದು ಕೊಟ್ರಮ್ಮನಿಗೆ ಗೊತ್ತಾಯಿತು. ಬೀದಿಗಿಳಿದು, ಹೋದ ವಾರವಷ್ಟೇ ಹೆತ್ತಿದ್ದ ಆಟೋವೊಂದನ್ನು ಮೆಲ್ಲಗೆ ನಡೆಸಿಕೊಂಡು ಬಂದಳು.

"ನನ್ನ ಕಾರಿಗೆ ಆಟೋದ್ದು ಕುಡಿಸ್ತೀಯಾ? ನಾಳೆ ಅದರ ಗುಣ ಬಂದ್ರೆ?"

"ಬರಲಿ ಬಿಡ್ರಿ. ಮೊದಲು ಜೀವ ಉಳೀಲಿ."

ಕೂಸು ಆಟೋದ ಟ್ಯಾಂಕಿಗೆ ಬಾಯಿ ಹಚ್ಚಿ ಗಟಗಟನೆ ಕುಡಿದು ನಿದ್ದೆಹೋಯಿತು. ಅಂದಿನಿಂದ ಆಟೋ ದಿನಾಲು ಬಂದು ಕುಡಿಸಿ ಹೋಗುತ್ತಿತ್ತು.

ಮೂರು ತಿಂಗಳಿಗೆ ಕೂಸಿನ ಕುತ್ತಿಗೆ ನಿಂತಿತು. ಪಂಚಾಕ್ಷರಿ ನೆಂಟರನ್ನೆಲ್ಲ ಕರೆಸಿ, ಕೊಟ್ರಮ್ಮನಿಗೆ ಸೀರೆ ಉಡುಗೊರೆ ಕೊಟ್ಟು, ಗತ್ತಿನಿಂದ ಸ್ಟೀರಿಂಗ್ ಹಿಡಿದು ಕೂತ. "ಹೈವೇ ಕಡೆ ನಡಿ, ಮಗನೇ."

ಕಾರು ಗಂಟಲು ಸರಿಮಾಡಿಕೊಂಡು, ಅಷ್ಟೂ ಜನರೆದುರು ತನ್ನ ಮೊದಲ ತೊದಲು ಮಾತಾಡಿತು.

"ಆ ಕಡೆ ಬರಲ್ಲ ಸಾರ್."