ಕೈ ಮಡಚದವನು

ಒಫೀಲಿಯಾ ಲುಹಾನ್ ಶಾಲೆಯ ಅಡುಗೆಮನೆಯಿಂದ ಏಪ್ರನ್ ಬಿಚ್ಚದೆಯೇ ಬಂದು ಮೈದಾನದ ಬೇಲಿ ಹಿಡಿದು ನಿಂತಿದ್ದಳು.

"ನನ್ನ ಎಫ್ರೆನ್ ಏನು ಕಮ್ಮಿ ಮಾಡಿದಾನೆ, ಅದನ್ನಾದ್ರೂ ಹೇಳ್ಬಿಡಿ ಕೋಚ್."

"ಕಮ್ಮಿ ಅಂತ ಯಾರಮ್ಮ ಅಂದ್ರು?" ವೆಂಡೆಲ್ ಸ್ಟ್ರೌಡ್ ಅವಳತ್ತ ತಿರುಗಲಿಲ್ಲ. ಕಣ್ಣು ಹುಡುಗರ ಮೇಲೆಯೇ ಇತ್ತು.

"ಮತ್ತೆ ಬೆಂಚಿಗೆ ಯಾಕೆ ಅಂಟಿಸಿದೀರಿ? ಕಾವು ಕೊಡೋದೇ ಕೆಲ್ಸ ಆದ್ರೆ ಒಂದು ಕೋಳಿ ತಂದು ಕೂರಿಸಿ."

ಕೋಚ್ ನಕ್ಕ. ಅವಳು ನಗಲಿಲ್ಲ. ಇದು ಎಫ್ರೆನ್‌ಗೆ ಶಾಲೆಯ ಕೊನೆಯ ವರ್ಷ. ವಿಶ್ವವಿದ್ಯಾಲಯದವರು ಆಟ ನೋಡಿ ಮೆಚ್ಚಿದರೆ ಮುಂದಿನ ಓದು ಪುಕ್ಕಟೆ. ಇಲ್ಲವಾದರೆ ಅಪ್ಪನ ಹಾಗೆ ಹತ್ತಿ ಮಿಲ್ಲಿನ ಧೂಳು. ಬೆಂಚಿನ ಮೇಲೆ ಕೂತವನನ್ನು ಯಾರೂ ನೋಡುವುದಿಲ್ಲ. ಅಮೆರಿಕದ ಈ ಫುಟ್‌ಬಾಲ್ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿಯಲು ಓಡುವ ಅವನ ಜಾಗದಲ್ಲಿ ವರ್ಷವಿಡೀ ಆಡಿದವನು ಗ್ಯಾರೆಟ್ ಸ್ಟ್ರೌಡ್. ಕೋಚ್‌ನ ಮಗ.

ಊರಿಗೆಲ್ಲ ಇದು ಗೊತ್ತಿತ್ತು. ಡೋನಟ್ ಅಂಗಡಿಯಲ್ಲಿ ಬೆಳಗಿನ ಕಾಫಿಗೆ ಸೇರುವ ಮುದುಕರು ಕೋಚ್ ಒಳಗೆ ಬಂದರೆ ಮಾತು ನಿಲ್ಲಿಸುತ್ತಿದ್ದರು. ಟೆಕ್ಸಸ್‌ನ ಆ ಬಯಲುಸೀಮೆಯಲ್ಲಿ ಮೇಯರ್ ತಪ್ಪು ಮಾಡಿದರೆ ಮರೆಯುತ್ತಾರೆ. ಫುಟ್‌ಬಾಲ್ ಕೋಚ್‌ನ ತಪ್ಪನ್ನು ಮೊಮ್ಮಕ್ಕಳಿಗೂ ಹೇಳಿ ಹೋಗುತ್ತಾರೆ.

"ಚೆಂಡು ಹಿಡಿಯೋರು ಬೇಕಾದಷ್ಟು ಜನ ಸಿಗ್ತಾರೆ," ಎಂದ ಸ್ಟ್ರೌಡ್. "ಹಿಂದೆ ಹೆಜ್ಜೆ ಸದ್ದು ಕೇಳಿದ್ಮೇಲೂ ಕೈ ಮಡಚದವನು ಬೇಕು. ನಾನು ನೋಡೋದು ಅದೊಂದೇ. ಇಲ್ಲೇ ನಿಂತಿರಿ, ನೀವೂ ನೋಡಿ."

ಹುಡುಗರು ಒಬ್ಬೊಬ್ಬರಾಗಿ ಮೈದಾನದ ನಡುವಿಗೆ ಓಡಿ, ಕೋಚ್ ತಲೆಯ ಮೇಲಕ್ಕೆ ಎಸೆದ ಚೆಂಡಿಗೆ ನೆಗೆಯಬೇಕು. ನೆಗೆದ ಗಳಿಗೆಗೆ ಸರಿಯಾಗಿ ಸಹಾಯಕ ಡಾಬ್ಸ್ ದಪ್ಪನೆಯ ದಿಂಬಿನಿಂದ ಪಕ್ಕೆಗೆ ಬಾರಿಸುತ್ತಾನೆ. ಪೆಟ್ಟು ಬರುತ್ತದೆಂದು ತಿಳಿದರೆ ಮೈ ತಾನಾಗಿಯೇ ಮುದುಡುತ್ತದೆ. ಗ್ಯಾರೆಟ್‌ನದು ಮುದುಡಿತು, ಚೆಂಡು ಬೆರಳು ಸವರಿ ಹೋಯಿತು. ಎಫ್ರೆನ್ ಎರಡೂ ಕೈ ಆಕಾಶಕ್ಕೆ ಚಾಚಿ ಹಿಡಿದ, ದಿಂಬಿನ ಏಟಿಗೆ ಉರುಳಿದ, ಹಿಡಿದ ಚೆಂಡನ್ನು ಬಿಡದೆ ಎದ್ದ.

"ಈ ನನ್ಮಗನಿಗೆ ಭಯ ಕೊಡೋದನ್ನೇ ದೇವರು ಮರೆತವ್ನೆ," ಎಂದ ಡಾಬ್ಸ್.

"ಮರೆತಿದ್ದು ಒಳ್ಳೇದೇ ಆಯ್ತು," ಎಂದ ಸ್ಟ್ರೌಡ್.

ಮುಂದಿನ ಆಟ ಪಕ್ಕದ ಕೌಂಟಿಯವರ ಮೇಲೆ. ಅವರ ಹಿಂದಿನ ಆಟದ ವಿಡಿಯೊವನ್ನು ಸ್ಟ್ರೌಡ್ ಗೋಡೆಯ ಮೇಲೆ ಹಾಕಿ ನೋಡಿದ. ಮೈದಾನದ ನಡುವನ್ನು ಕಾಯುವವನು ನಾಲ್ಕನೇ ನಂಬರಿನ ಅಂಗಿಯವನು, ಗೂಳಿಯಂಥ ಹುಡುಗ. ತಲೆ ತಗ್ಗಿಸಿ ಹೆಲ್ಮೆಟ್ಟಿನಿಂದಲೇ ಗುದ್ದುತ್ತಾನೆ. ತಲೆಗೆ ಗುದ್ದಿದ್ದಕ್ಕೆ ಈ ವರ್ಷವೇ ಎರಡು ಸಲ ಅವನನ್ನು ಮೈದಾನದಿಂದ ಹೊರಗೆ ಕಳಿಸಿದ್ದರು.

"ಇವನು ಇರೋ ತನಕ ನಡುವಿನಲ್ಲಿ ನಮಗೆ ದಾರಿ ಇಲ್ಲ," ಎಂದ ಡಾಬ್ಸ್.

"ಯಾರಾದ್ರೂ ದಾರಿ ಮಾಡ್ಬೇಕಲ್ಲಪ್ಪ," ಎಂದು ಕೋಚ್ ಆ ತುಣುಕನ್ನೇ ಮತ್ತೆ ಹಾಕಿದ.

ಮರುದಿನ ಅವನೇ ಶಾಲೆಯ ಅಡುಗೆಮನೆಗೆ ಹೋದ, ಟೋಪಿ ಕೈಯಲ್ಲಿ ಹಿಡಿದು. "ಶುಕ್ರವಾರ ನಿಮ್ಮ ಹುಡುಗನೇ ಮೊದಲು ಇಳೀತಾನಮ್ಮ."

ಒಫೀಲಿಯಾಳ ಕೈಯ ಸೌಟು ನಿಂತಿತು. "ನಿಮ್ಮ ಮಗ?"

"ಬೆಂಚಿಗೆ ಕಾವು ಬೇಡ್ವಾ?"

ಅವಳು ನಗುತ್ತಲೇ ಅತ್ತಳು. ಡೋನಟ್ ಅಂಗಡಿಯಲ್ಲಿ ಮುದುಕರು ಎದ್ದು ನಿಂತು ಅವನ ಕೈ ಕುಲುಕಿದರು. ಗ್ಯಾರೆಟ್‌ನನ್ನು ನೋಡಲೆಂದೇ ವಿಶ್ವವಿದ್ಯಾಲಯದವನೊಬ್ಬ ಬರುವವನಿದ್ದ. ಅಂಥ ದಿನವೇ ಮಗನನ್ನು ಕೂರಿಸಿದ್ದಾನೆ! ನ್ಯಾಯ ಅಂದರೆ ಇದು ಎಂದರು.

ಶುಕ್ರವಾರ ಸಂಜೆ ಊರು ಖಾಲಿಯಾಗಿ ಮೈದಾನ ತುಂಬಿತು. ಊರ ತಂಡಕ್ಕೆ ಚೆಂಡೆಸೆಯುವ ಬ್ರೈಸ್ ಹೆಸರುವಾಸಿ. ಅವನ ಎಸೆತ ಹಿಡಿಯುವವನ ಎದೆಮಟ್ಟ ಬಿಟ್ಟು ಹೋದದ್ದೇ ಇಲ್ಲ. ಮೊದಲ ಎಸೆತವನ್ನು ಅಂಚಿನಲ್ಲಿ ಎದೆಗಪ್ಪಿಕೊಂಡ ಎಫ್ರೆನ್ ಒಂದಷ್ಟು ದೂರ ಓಡಿದ. "ಅವನು ನನ್ನ ಮಗ ಕಣ್ರೀ!" ಎಂದು ಒಫೀಲಿಯಾ ಗುರುತಿಲ್ಲದವರ ಭುಜ ಹಿಡಿದು ಅಲ್ಲಾಡಿಸಿದಳು.

ಕೋಚ್ ಬ್ರೈಸ್‌ನನ್ನು ಕರೆದು ಕಿವಿಯಲ್ಲಿ ಮುಂದಿನ ನಡೆ ಹೇಳಿ ಕಳಿಸಿದ.

ಎಫ್ರೆನ್ ಈ ಸಲ ನಡುವಿಗೆ ನುಗ್ಗಿದ. ಚೆಂಡು ಬಂತು, ಆದರೆ ಎತ್ತರದಲ್ಲಿ. ಅಷ್ಟೊಂದು ಜನದ ಮುಂದೆ ಬ್ರೈಸ್‌ನ ಕೈ ನಡುಗಿರಬೇಕು. ಎಫ್ರೆನ್ ಎರಡೂ ಕೈ ಚಾಚಿ ನೆಗೆದ. ಎದುರಿನಿಂದ ನಾಲ್ಕನೇ ನಂಬರಿನವನು ತಲೆ ತಗ್ಗಿಸಿ ಬಂದ. ಹೆಜ್ಜೆಯ ಸದ್ದು ಎಫ್ರೆನ್‌ಗೆ ಕೇಳಿಸಿರಬೇಕು. ಕೈ ಮಡಚಲಿಲ್ಲ.

ಒಣ ಕೊಂಬೆ ಮುರಿದಂಥ ಸದ್ದು ಕೊನೆಯ ಸಾಲಿನವರಿಗೂ ಕೇಳಿಸಿತು.

ಚೆಂಡು ಅವನ ಕೈಯಲ್ಲೇ ಇತ್ತು. ಕಾಲುಗಳು ಮಾತ್ರ ಅಲುಗಲಿಲ್ಲ. ಗಂಡಸರು ಟೋಪಿ ತೆಗೆದರು. ಸ್ಟ್ರೌಡ್ ಹುಲ್ಲಿನ ಮೇಲೆ ಮೊಣಕಾಲೂರಿ, "ನಿನ್ನಂಥೋನು ಇನ್ನೊಬ್ಬ ಇಲ್ಲ ಕಣೋ," ಎಂದ. "ಕಾಲು ಎಲ್ಲಿವೆ ಸರ್?" ಎಂದು ಹುಡುಗ ಕೇಳಿದ. ಒಫೀಲಿಯಾ ಮೆಟ್ಟಿಲಿಳಿದು ಓಡಿ ಬಂದಳು. ಕೋಚ್ ಅವಳನ್ನು ತಬ್ಬಿ ಹಿಡಿದು ಆಂಬುಲೆನ್ಸಿಗೆ ಹತ್ತಿಸಿದ. ಅವನ ಕಣ್ಣಲ್ಲೂ ನೀರಿತ್ತು.

ರೆಫರಿ ನಾಲ್ಕನೇ ನಂಬರಿನವನನ್ನು ಹೊರಗೆ ಕಳಿಸಿದ. ಎಫ್ರೆನ್‌ನ ಜಾಗಕ್ಕೆ ಗ್ಯಾರೆಟ್ ಇಳಿದ. ಕಾಯುವವನಿಲ್ಲದ ಮೈದಾನದ ನಡುಭಾಗ, ಬಾಗಿಲು ತೆಗೆದಿಟ್ಟ ಕೊಟ್ಟಿಗೆಯಂತಿತ್ತು. ಎಸೆತಗಳೆಲ್ಲ ಎದೆಮಟ್ಟಕ್ಕೇ ಬಂದವು. ಗ್ಯಾರೆಟ್ ಮತ್ತೆ ಮತ್ತೆ ಗೆರೆ ದಾಟಿ ಅಂಕ ಗಳಿಸಿದ. ವಿಶ್ವವಿದ್ಯಾಲಯದವನು ಆಟ ಮುಗಿಯುವ ಮೊದಲೇ ಕೆಳಗಿಳಿದು ಬಂದು ಸ್ಟ್ರೌಡ್‌ನ ಕೈ ಕುಲುಕಿದ.

ಗೆದ್ದ ಹುಡುಗರು ಕೋಣೆಯಲ್ಲಿ ಕುಣಿಯುತ್ತಿದ್ದರು. ಬ್ರೈಸ್ ಒಬ್ಬನೇ ಮೂಲೆಯಲ್ಲಿ, ಹೆಲ್ಮೆಟ್ ಕೂಡ ತೆಗೆಯದೆ ಕೂತಿದ್ದ. ಕೋಚ್ ಪಕ್ಕದಲ್ಲಿ ಕೂತು ಅವನ ಭುಜದ ಮೇಲೆ ಕೈಯಿಟ್ಟ.

"ಸರ್," ಬ್ರೈಸ್‌ನ ದನಿ ಒಡೆಯಿತು, "ನೀವು ಹೇಳಿದ್ದಕ್ಕಿಂತ ಮೇಲೆ ಎಸೆದುಬಿಟ್ನಾ?"

"ಇಲ್ಲಪ್ಪ," ಎಂದ ಸ್ಟ್ರೌಡ್, "ನಾನು ಹೇಳಿದಷ್ಟೇ ಮೇಲೆ."