ಬಿಚ್ಚಿಟ್ಟ ಪಟ್ಟಿ

ನಾಯಿ ಸಾಕುವವರೆಲ್ಲ ಅದರ ನೋವು ತಮ್ಮ ಮೈಗೂ ತಾಕಲೆಂದು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದ ಕಾಲವದು. ಹನ್ನೊಂದು ವರ್ಷದ ಹಿಂದೆ, ಎಲುಬಿನ ಗೂಡಾಗಿದ್ದ ನಾಯಿ ಗುಂಡ್ಯಾನನ್ನು ಸರಪಳಿಯಿಂದ ಬಿಡಿಸಿ ತಂದ ದಿನ, ಪಟ್ಟಿ ಬಿಚ್ಚಿಟ್ಟು ಆರಾಮಾಗಿದ್ದ ಅವನ ಮೊದಲ ಮಾಲೀಕನಿಗೆ ನಾಗವೇಣಿ ಓಣಿಗೆಲ್ಲ ಕೇಳುವಂತೆ ಛೀಮಾರಿ ಹಾಕಿದ್ದಳು.

ಇಂದು ಧಾರವಾಡದ ದನದ ದವಾಖಾನೆಯಲ್ಲಿ, ಮೂಲೆಯ ಚಾಪೆಯ ಮೇಲೆ, ಗುಂಡ್ಯಾ ನೋವಿಲ್ಲದೆ ಕಣ್ಣು ಮುಚ್ಚಿಸುವ ಕೊನೆಯ ಸೂಜಿಗೆ ಕಾದು ಮಲಗಿದ್ದ.

“ಇವನ ಸೊಂಟದ ಬ್ಯಾನಿ ಯಾವಾಗಿಂದ ಐತ್ರಿ ಅಕ್ಕಾರ?” ಡಾಕ್ಟರು ಕೇಳಿದರು.

“ನಿನ್ನೆ... ನಿನ್ನೆಯಿಂದರೀ.”

ಡಾಕ್ಟರು ಅವಳ ಬರಿಗೈ ನೋಡಿದರು. “ಪಟ್ಟಿ ಎಲ್ಲೈತ್ರಿ?”

ಮಗಳ ಮದುವೆಯ ಓಡಾಟದಲ್ಲಿ ಬಿಚ್ಚಿದ್ದಳು. ಆಮೇಲೆ ಮೈ ಹಗುರೆನಿಸಿ, ಎಂಟು ತಿಂಗಳು ಕಟ್ಟಿಕೊಳ್ಳಲೇ ಇಲ್ಲ. ತಲೆ ತಗ್ಗಿಸಿ ಅದನ್ನು ಚೀಲದ ತಳದಿಂದ ತೆಗೆದಳು.

“ಈಗರೆ ಕಟ್ಕೋರಿ. ಅವನ್ನ ಒಬ್ಬಂಟಿ ಕಳಸೋದು ಬ್ಯಾಡ.”

ಕಟ್ಟಿಕೊಂಡಳು. ಸೊಂಟದಿಂದ ಪಾದದವರೆಗೆ ಬೆಂಕಿ ಹರಿದಂತಾಗಿ, “ಯವ್ವಾ!” ಎಂದು ನೆಲಕ್ಕೆ ಕುಸಿದಳು.

ಅವಳ ಕೂಗಿಗೆ ಗುಂಡ್ಯಾ ಗಾಬರಿಯಾಗಿ ತಲೆ ಎತ್ತಿದ. ಹಿಂಗಾಲು ಎಳೆಯುತ್ತ ಅವಳತ್ತ ಹೊರಟ.

“ಬರಬ್ಯಾಡೋ ಗುಂಡ್ಯಾ, ಅಲ್ಲೇ ಮಲ್ಕೊ,” ನಾಗವೇಣಿ ಬೇಡಿಕೊಂಡಳು.

ಅವನಿಡುವ ಒಂದೊಂದು ಹೆಜ್ಜೆಯೂ ಅವಳ ಸೊಂಟವನ್ನು ಕೊರೆಯುತ್ತಿತ್ತು. ಅವನು ನಿಲ್ಲಲಿಲ್ಲ. ಹತ್ತಿರ ಬಂದು, ಇವಳಿಗೇನಾಯಿತೋ ಎಂಬಂತೆ ಅವಳ ಕೆನ್ನೆ ನೆಕ್ಕತೊಡಗಿದ.