ಅಕ್ಕಯಮ್ಮ ಕಲಿತ ಒಂದೇ ಹೆಸರು

"ಅರ್ಜಿ ಗಿರ್ಜಿ ಬೇಡ," ಎಂದು ಅಕ್ಕಯಮ್ಮ ಕಾಗದವನ್ನು ಪಕ್ಕಕ್ಕೆ ತಳ್ಳಿದಳು. "ಆವಯ್ಯನ ಹೆಸರು ಬರೆಯೋದು ಕಲಿಸು. ಅಷ್ಟು ಸಾಕು."

ಕದಿರೇಶ ತಬ್ಬಿಬ್ಬಾದ. ನಲವತ್ತೊಂದನೇ ಇಸವಿಯ ಬೇಸಿಗೆ ರಜೆಯಲ್ಲಿ, ಹಳ್ಳಿಯವರಿಗೆ ಅಕ್ಷರ ಕಲಿಸಲೆಂದು ಬೆಂಗಳೂರಿನ ಕಾಲೇಜಿನಿಂದ ನಾಲ್ವರು ವಿದ್ಯಾರ್ಥಿಗಳು ದೇವರಾಯಸಮುದ್ರಕ್ಕೆ ಬಂದಿದ್ದರು. ಅವರಲ್ಲಿ ಇವನಿಗೇ ಆವೇಶ ಹೆಚ್ಚು. ಅಕ್ಕಯಮ್ಮನ ಕಥೆ ಕೇಳಿದವನೇ ಅಮಲ್ದಾರರಿಗೆ ಎರಡು ಪುಟದ ಅರ್ಜಿ ಗೀಚಿ ತಂದಿದ್ದ.

ಕಥೆಯೇನೋ ರಕ್ತ ಕುದಿಸುವಂಥದ್ದೇ. ಇಪ್ಪತ್ತು ವರ್ಷದ ಹಿಂದೆ ಅವಳ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಲಕ್ಕೂರು ಸೇರಿದ. ಮಗಳು ಪ್ಲೇಗಿನಲ್ಲಿ ಸತ್ತಾಗ ಹೇಳಿ ಕಳಿಸಿದರೂ ಹಿಡಿ ಮಣ್ಣು ಹಾಕಲು ಬರಲಿಲ್ಲ. ಅಂದು ಅವನ ಮನೆಯಲ್ಲಿ ಒಬ್ಬಟ್ಟಿನ ಊಟವಂತೆ. ಈಗಲೂ ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದಾನೆ ಎಂದು ಕೇಳಿದಾಗಲೆಲ್ಲ ಅಕ್ಕಯಮ್ಮನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಅವನಿಗೆ ಮಣ್ಣು ಮುಕ್ಕಿಸದೆ ತನ್ನ ಜೀವ ಹೋಗಕೂಡದು, ಅದೊಂದೇ ಅವಳ ಹಟ.

"ಯಜಮಾನರ ಹೆಸರೇನಮ್ಮ?"

ಅಕ್ಕಯಮ್ಮ ತುಟಿ ಬಿಗಿದಳು. ಪಕ್ಕದಲ್ಲಿ ಸ್ಲೇಟು ಹಿಡಿದು ಕೂತಿದ್ದ ನೆರೆಮನೆಯ ಚಿಕ್ಕಗಂಗಮ್ಮ ನಕ್ಕಳು. "ಕಟ್ಕೊಂಡ ಗಂಡನ ಹೆಸರು ಅವಳೆಂಗೆ ಹೇಳ್ತಾಳಪ್ಪ? ಅಶ್ವತ್ಥಪ್ಪ ಅಂತ."

ಈಗ ಬೇಡವೆಂದರೂ, ಮುಂದೆ ಅರ್ಜಿಯಲ್ಲಿ ಆ ಹೆಸರನ್ನು ತನ್ನ ಕೈಯಿಂದಲೇ ಬರೆಯಬೇಕೆಂಬ ಆಸೆ ಅವಳಿಗಿರಬೇಕು ಎಂದುಕೊಂಡ ಕದಿರೇಶ. ಸರಿ, ಕಾಗದವನ್ನು ಮಡಚಿ ಜೇಬಿಗಿಟ್ಟ.

ಹೆಸರು ಸುಲಭದ್ದಲ್ಲ, ಮೂರು ಒತ್ತಕ್ಷರ. "ಮನುಷ್ಯನೂ ಇಂಗೇ, ಬರೀ ತೊಡಕು," ಎಂದಳು ಚಿಕ್ಕಗಂಗಮ್ಮ. ಅಕ್ಕಯಮ್ಮ ನಗಲಿಲ್ಲ. ಮಧ್ಯಾಹ್ನ ಎಲ್ಲರಿಗಿಂತ ಮೊದಲು ಶಾಲೆಯ ಜಗುಲಿಗೆ ಬಂದು ಕೂರುತ್ತಿದ್ದಳು. ಹಲ್ಲು ಕಚ್ಚಿ ತಿದ್ದುತ್ತಿದ್ದಳು. ಕದಿರೇಶ ಅವಳದೇ ಹೆಸರು ಬರೆದುಕೊಟ್ಟರೆ ಅದನ್ನು ಒರೆಸಿ ಮತ್ತೆ ಗಂಡನ ಹೆಸರಿಗೇ ಕೈ ಹಚ್ಚುತ್ತಿದ್ದಳು. ಹನ್ನೊಂದನೇ ದಿನ ಒತ್ತುಗಳೆಲ್ಲ ನೆಟ್ಟಗೆ ಬಂದವು.

ರಜೆ ಮುಗಿಯುವ ದಿನ ಕಾಲೇಜಿನ ಪ್ರೊಫೆಸರರು ಬಂದರು. ಎಲ್ಲರೆದುರು ಅಕ್ಕಯಮ್ಮ ತಪ್ಪಿಲ್ಲದೆ ಬರೆದಳು: ಅಶ್ವತ್ಥಪ್ಪ. ಅದರ ಕೆಳಗೆ ಮತ್ತೊಮ್ಮೆ, ಮಗದೊಮ್ಮೆ. ಸ್ಲೇಟು ತುಂಬಿತು. ಅವಳು ಎದ್ದು ಸೀಮೆಸುಣ್ಣ ಎತ್ತಿಕೊಂಡು ಕೆಮ್ಮಣ್ಣಿನ ಗೋಡೆಯ ಮೇಲೆ ಬರೆಯತೊಡಗಿದಳು.

"ಕೈಬಿಟ್ಟ ಗಂಡನನ್ನು ಹೀಗೆ ಜಪಿಸುತ್ತಿದ್ದಾಳಲ್ಲ! ಎಂಥ ಹೆಂಗಸು!" ಎಂದು ಪ್ರೊಫೆಸರರು ಕಣ್ಣೊರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕದಿರೇಶನಿಗೆ ಮಾತ್ರ ಮೈ ಉರಿಯಿತು. ಹತ್ತಿರ ಹೋಗಿ ಮೆಲ್ಲಗೆ ಕೇಳಿದ. "ಅಷ್ಟೆಲ್ಲ ಮಾಡಿದವನ ಮೇಲೆ ಇನ್ನೂ ಪ್ರೀತೀನಾ ಅಮ್ಮ?"

ಅಕ್ಕಯಮ್ಮ ತಿರುಗಿದಳು. ಅಷ್ಟು ದಿನದಲ್ಲಿ ಅವಳು ನಕ್ಕಿದ್ದು ಆಗಲೇ.

"ಹೆಂಡ್ತಿ ಒಂದ್ಸಲ ಹೆಸರೆತ್ತಿದ್ರೆ ಗಂಡನ ಆಯಸ್ಸಲ್ಲಿ ಒಂದು ದಿನ ಹೋಗುತ್ತೆ ಅಂತಿದ್ಲು ನಮ್ಮಮ್ಮ. ಬಾಯಲ್ಲಿ ಹೇಳೋಕೆ ಎಷ್ಟೋ ಸಲ ನೋಡ್ದೆ, ನಾಲಿಗೆ ತಿರುಗಲಿಲ್ಲ. ಇನ್ನೊಂದು ಸೀಮೆಸುಣ್ಣ ಕೊಡು ನಾಯ್ನಾ, ಗೋಡೆ ಇನ್ನೂ ಬೇಕಾದಷ್ಟೈತೆ."